ಯುವಜನರ ಧೂಮಪಾನ ಮತ್ತು ಚಟಮುಕ್ತಿ: ಗಂಡು ಹೆಣ್ಣಿನ ನಡುವಿನ ವ್ಯತ್ಯಾಸಗಳು

ಸುಮಾರು 18ರಿಂದ 30ರ ವಯಸ್ಸಿನಲ್ಲಿ ಸಿಗರೇಟು, ಬೀಡಿಗಳ ಚಟ ಹತ್ತುವ ಬಗೆ, ಬೇರೂರುವ ಬಗೆ ಮತ್ತು ಬಿಟ್ಟುಹೋಗುವ ಬಗೆ ಗಂಡಸರಲ್ಲೂ ಹೆಂಗಸರಲ್ಲೂ ಒಂದೇ ತೆರನಾಗಿರುವುದಿಲ್ಲ. ಜಗತ್ತಿನ ಬಹುತೇಕ ದೇಶಗಳಲ್ಲಿ ಸೇದುವವರ ಪೈಕಿ ಗಂಡಸರೇ ಹೆಚ್ಚು. ಬಿಡುವ ವಿಷಯಕ್ಕೆ ಬಂದರೆ ಹೆಂಗಸರಿಗೆ ಅದು ಹೆಚ್ಚು ಕಷ್ಟ ಎಂಬ ಮಾತು ವೈದ್ಯಕೀಯ ಬರಹಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದು ಅರ್ಧ ಸತ್ಯ. ದೇಹದ ಗುಣ, ಸಮಾಜದ ಕಟ್ಟುಪಾಡು, ಕಂಪನಿಗಳ ಮಾರಾಟ ತಂತ್ರ, ನೆರವು ಯಾರಿಗೆ ಎಷ್ಟು ಸಿಗುತ್ತದೆ ಎಂಬುದು ಇವೆಲ್ಲ ಸೇರಿ ಈ ವ್ಯತ್ಯಾಸಗಳನ್ನು ಹುಟ್ಟಿಸುತ್ತವೆ. ಮನೋಬಲ ಒಬ್ಬರಲ್ಲಿ ಹೆಚ್ಚು, ಇನ್ನೊಬ್ಬರಲ್ಲಿ ಕಡಿಮೆ ಎನ್ನುವುದಕ್ಕೆ ಆಧಾರವಿಲ್ಲ. ಯೌವನಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಚಟ ಗಟ್ಟಿಯಾಗುವುದು ಈ ವಯಸ್ಸಿನಲ್ಲೇ; ಬಿಟ್ಟರೆ ಕಳೆದುಕೊಳ್ಳಲಿದ್ದ ಆಯುಸ್ಸು ಬಹುಪಾಲು ಉಳಿಯುವುದೂ ಈ ವಯಸ್ಸಿನಲ್ಲೇ.

ಜಗತ್ತಿನ ಚಿತ್ರ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ 36.7 ಮತ್ತು ಹೆಂಗಸರಲ್ಲಿ ಶೇ 7.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಈ ಅಂತರ ದೇಶದಿಂದ ದೇಶಕ್ಕೆ ತೀರ ಬೇರೆ. ಚೀನಾದಲ್ಲಿ 2018ರ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ಶೇ 50.5 ಮಂದಿ ಸೇದುತ್ತಿದ್ದರೆ ಹೆಂಗಸರಲ್ಲಿ ಆ ಪ್ರಮಾಣ ಶೇ 2.1 ಮಾತ್ರ. ಅಮೆರಿಕದಲ್ಲಿ 1965ರಲ್ಲಿ ಶೇ 51.9ರಷ್ಟು ಗಂಡಸರು, ಶೇ 33.9ರಷ್ಟು ಹೆಂಗಸರು ಸಿಗರೇಟು ಸೇದುತ್ತಿದ್ದರು. 2021ರ ಹೊತ್ತಿಗೆ ಅವು ಶೇ 13.1 ಮತ್ತು ಶೇ 10.1ಕ್ಕೆ ಇಳಿದು ಹತ್ತಿರ ಹತ್ತಿರ ಬಂದಿದ್ದವು. ಸ್ವೀಡನ್ನಿನ ಗಂಡಸರಲ್ಲಿ ಅನೇಕರು ಸಿಗರೇಟಿನ ಬದಲು ತುಟಿಯಡಿ ಇಟ್ಟುಕೊಳ್ಳುವ ಸ್ನೂಸ್ ಎಂಬ ತಂಬಾಕಿಗೆ ಹೊರಳಿದ್ದರಿಂದ ಅಲ್ಲಿ ಒಂದು ಕಾಲಕ್ಕೆ ಸೇದುವ ಹೆಂಗಸರ ಪ್ರಮಾಣವೇ ಗಂಡಸರದ್ದನ್ನು ಮೀರಿತ್ತು.

ಈ ಏರಿಳಿತವನ್ನು ವಿವರಿಸಲು ಲೋಪೆಜ್, ಕಾಲಿಶಾ ಮತ್ತು ಪಿಹಾ ಎಂಬ ಸಂಶೋಧಕರು 1994ರಲ್ಲಿ ನಾಲ್ಕು ಹಂತಗಳ ಮಾದರಿಯೊಂದನ್ನು ಮುಂದಿಟ್ಟರು. ಮೊದಲು ಗಂಡಸರಲ್ಲಿ ಸಿಗರೇಟು ಹರಡುತ್ತದೆ. ಒಂದೆರಡು ದಶಕ ಕಳೆದ ಮೇಲೆ ಹೆಂಗಸರಲ್ಲಿ ಏರತೊಡಗುತ್ತದೆ. ಸಾವುಗಳ ಏರಿಕೆ ಸೇದುವಿಕೆಯ ಏರಿಕೆಗಿಂತ ಮೂರು ನಾಲ್ಕು ದಶಕ ತಡವಾಗಿ ಬರುತ್ತದೆ. ಕೊನೆಗೆ ಇಬ್ಬರಲ್ಲೂ ಇಳಿಯುತ್ತದೆ. ಯುರೋಪು, ಅಮೆರಿಕಗಳ ಅನುಭವಕ್ಕೆ ಇದು ಸರಿಹೊಂದುತ್ತದೆ. ಏಷ್ಯಾದ ಹಲವು ದೇಶಗಳಲ್ಲಿ ಗಂಡಸರ ಸೇದುವಿಕೆ ಉತ್ತುಂಗ ಮುಟ್ಟಿ ದಶಕಗಳಾದರೂ ಹೆಂಗಸರದ್ದು ಏರಿಲ್ಲ. ಅಂದರೆ ಹೆಣ್ಣುಮಕ್ಕಳು ಎರಡನೆಯ ಸರದಿಯಲ್ಲಿ ಸಿಗರೇಟಿಗೆ ಬಂದೇ ಬರುತ್ತಾರೆ ಎಂಬುದೇನೂ ವಿಧಿಲಿಖಿತವಲ್ಲ. ಅದು ಮಾರಾಟಗಾರರ ಪ್ರಯತ್ನವನ್ನೂ ಸರ್ಕಾರಗಳ ಎಚ್ಚರವನ್ನೂ ಅವಲಂಬಿಸಿದೆ.

ಮಾರುಕಟ್ಟೆಯ ಕೈವಾಡ

1920ರ ದಶಕದಲ್ಲಿ ಅಮೆರಿಕದ ಹೆಂಗಸರು ಬೀದಿಯಲ್ಲಿ ಸಿಗರೇಟು ಹಚ್ಚುವುದು ಮರ್ಯಾದೆಗೆಟ್ಟ ಕೆಲಸ ಎನಿಸಿತ್ತು. ಅಮೆರಿಕನ್ ಟೊಬ್ಯಾಕೊ ಕಂಪನಿಗೆ ಇದರಿಂದ ಅರ್ಧ ಗಿರಾಕಿಗಳು ಕೈತಪ್ಪಿದಂತಾಗಿತ್ತು. ಅದು ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್‌ನ ನೆರವು ಪಡೆಯಿತು. 1929ರ ಈಸ್ಟರ್ ಭಾನುವಾರ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಮೆರವಣಿಗೆಯ ನಡುವೆ ತರುಣಿಯರು ಸಿಗರೇಟು ಹಚ್ಚಿಕೊಂಡು ನಡೆದರು. ಪತ್ರಿಕೆಗಳಿಗೆ ಮುಂಚಿತವಾಗಿಯೇ ಸುದ್ದಿ ಮುಟ್ಟಿಸಲಾಗಿತ್ತು. ಆ ಸಿಗರೇಟುಗಳನ್ನು ಸ್ವಾತಂತ್ರ್ಯದ ಪಂಜುಗಳೆಂದು ಬಣ್ಣಿಸಲಾಯಿತು. ಸಮಾನತೆಗಾಗಿ ಹೆಂಗಸರು ನಡೆಸುತ್ತಿದ್ದ ನಿಜವಾದ ಹೋರಾಟದ ಮಾತನ್ನೇ ಕದ್ದು ಚಟ ಮಾರಲು ಬಳಸಿದ ದೊಡ್ಡ ಉದಾಹರಣೆ ಇದು. ಅದೇ ಕಂಪನಿ ತನ್ನ ಲಕ್ಕಿ ಸ್ಟ್ರೈಕ್ ಸಿಗರೇಟನ್ನು ಸಿಹಿತಿಂಡಿಗೆ ಬದಲಿಯೆಂದು, ಮೈ ತೆಳ್ಳಗಿಡುವ ಉಪಾಯವೆಂದು ಜಾಹೀರಾತು ಮಾಡಿತು. 1968ರಲ್ಲಿ ಫಿಲಿಪ್ ಮಾರಿಸ್ ಕಂಪನಿ ಹೆಂಗಸರಿಗೆಂದೇ ಸಪೂರವಾದ ವರ್ಜೀನಿಯಾ ಸ್ಲಿಮ್ಸ್ ಸಿಗರೇಟನ್ನು ತಂದಿತು. ಗಂಡಸರಿಗೆ ಕುದುರೆ ಸವಾರನ ಗತ್ತು, ಹೆಂಗಸರಿಗೆ ತೆಳು ಮೈ ಮತ್ತು ಸ್ವಾತಂತ್ರ್ಯ: ಒಂದೇ ವಿಷವನ್ನು ಎರಡು ಕನಸುಗಳಲ್ಲಿ ಸುತ್ತಿ ಮಾರಲಾಯಿತು. ಆ ಎರಡೂ ಕನಸುಗಳ ಗುರಿ ಇಪ್ಪತ್ತರ ಆಸುಪಾಸಿನವರೇ ಆಗಿದ್ದರು.

ಭಾರತ ಮತ್ತು ಕರ್ನಾಟಕ

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15 ದಾಟಿದ ಗಂಡಸರಲ್ಲಿ ಶೇ 19 ಮಂದಿ, ಹೆಂಗಸರಲ್ಲಿ ಶೇ 2 ಮಂದಿ ಸೇದುತ್ತಿದ್ದರು. ಅಗಿಯುವ, ಹಲ್ಲಿಗೆ ಉಜ್ಜುವ ತಂಬಾಕನ್ನೂ ಸೇರಿಸಿಕೊಂಡರೆ ಚಿತ್ರ ಬದಲಾಗುತ್ತದೆ: ಗಂಡಸರಲ್ಲಿ ಶೇ 42.4, ಹೆಂಗಸರಲ್ಲಿ ಶೇ 14.2. ಕರ್ನಾಟಕದಲ್ಲಿ ಯಾವುದೇ ರೂಪದ ತಂಬಾಕು ಬಳಸುವವರು ಗಂಡಸರಲ್ಲಿ ಶೇ 35.2, ಹೆಂಗಸರಲ್ಲಿ ಶೇ 10.3. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಾಕಿಕೊಳ್ಳುವುದು ಇಲ್ಲಿನ ಹಳ್ಳಿಗಳ ಹೆಂಗಸರಲ್ಲಿ ಹಿಂದಿನಿಂದ ಒಪ್ಪಿತವಾದ ರೂಢಿ. ಅದೇ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಬೀಡಿ ಹಚ್ಚುವುದನ್ನು ಊಹಿಸಲೂ ಆಗದು. ಇದಕ್ಕೆ ಅಪವಾದವೂ ಉಂಟು. ಆಂಧ್ರದ ಶ್ರೀಕಾಕುಳಂ ಸುತ್ತಿನ ಕರಾವಳಿಯಲ್ಲಿ ಹೆಂಗಸರು ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುವ ರೂಢಿಯಿದ್ದು, ಅವರಲ್ಲಿ ಅಂಗುಳಿನ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಬೀಡಿಯ ಉದ್ಯಮದಲ್ಲಿ ಲಿಂಗಭೇದದ ಇನ್ನೊಂದು ಮುಖವಿದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬೀಡಿ ಕಟ್ಟುವವರು ಹೆಚ್ಚಾಗಿ ಹೆಂಗಸರು, ಸೇದುವವರು ಹೆಚ್ಚಾಗಿ ಗಂಡಸರು. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ಹುಡಿ ತುಂಬಿ, ನೂಲು ಸುತ್ತುವ ಕೈಗಳ ಚರ್ಮದ ಮೂಲಕವೂ ಉಸಿರಿಗೆ ಸೇರುವ ಧೂಳಿನ ಮೂಲಕವೂ ನಿಕೋಟಿನ್ ದೇಹಕ್ಕೆ ಇಳಿಯುತ್ತದೆ. ಒಂದೂ ಬೀಡಿ ಸೇದದೆಯೇ ತಂಬಾಕಿನ ಭಾರ ಹೊರುವವರು ಇವರು.

ಯುವಜನರ ಮಟ್ಟಿಗೆ ಸಮಾಧಾನದ ಸುದ್ದಿಯಿದೆ. ದೇಶದಲ್ಲಿ 15ರಿಂದ 24 ವಯಸ್ಸಿನವರ ತಂಬಾಕು ಬಳಕೆ 2009–10ರಲ್ಲಿ ಶೇ 18.4 ಇದ್ದದ್ದು 2016–17ಕ್ಕೆ ಶೇ 12.4ಕ್ಕೆ ಇಳಿಯಿತು. ಬಳಕೆ ಶುರುಮಾಡುವ ಸರಾಸರಿ ವಯಸ್ಸು 17.9ರಿಂದ 18.9ಕ್ಕೆ ಏರಿತು. ಎಚ್ಚರದ ಸೂಚನೆಯೂ ಇದೆ. 2019ರ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15ರ ಶಾಲಾ ಮಕ್ಕಳ ಪೈಕಿ ಹುಡುಗರಲ್ಲಿ ಶೇ 9.6, ಹುಡುಗಿಯರಲ್ಲಿ ಶೇ 7.4 ಮಂದಿ ತಂಬಾಕು ಬಳಸುತ್ತಿದ್ದರು. ದೊಡ್ಡವರಲ್ಲಿ ಮೂರಕ್ಕೆ ಒಂದರಂತಿರುವ ಅಂತರ ಮಕ್ಕಳಲ್ಲಿ ಬಹುಮಟ್ಟಿಗೆ ಅಳಿಸಿಹೋಗಿದೆ. ಕರ್ನಾಟಕದ ಶಾಲಾ ಮಕ್ಕಳಲ್ಲಿ ಒಟ್ಟು ಪ್ರಮಾಣ ಶೇ 1.2 ಮಾತ್ರವಿದ್ದು, ರಾಜ್ಯ ಅತಿ ಕಡಿಮೆ ಬಳಕೆಯ ರಾಜ್ಯಗಳ ಸಾಲಿನಲ್ಲಿತ್ತು.

ಈ ಅಂಕಿಗಳನ್ನು ಓದುವಾಗ ಒಂದು ಮಿತಿಯನ್ನು ಮರೆಯಬಾರದು. ಮನೆಮನೆ ಸಮೀಕ್ಷೆಯಲ್ಲಿ, ಅತ್ತೆಯೋ ತಾಯಿಯೋ ಪಕ್ಕದ ಕೋಣೆಯಲ್ಲಿರುವಾಗ, ತರುಣಿಯೊಬ್ಬಳು ತಾನು ಸೇದುತ್ತೇನೆಂದು ಹೇಳುವುದು ಸುಲಭವಲ್ಲ. ಹೆಂಗಸರ ಪ್ರಮಾಣ ದಾಖಲೆಗಿಂತ ಹೆಚ್ಚಿರುವ ಸಾಧ್ಯತೆಯನ್ನು ಸಂಶೋಧಕರು ಗಮನದಲ್ಲಿಟ್ಟುಕೊಳ್ಳುತ್ತಾರೆ.

ಶುರುವಾಗುವ ಬಗೆ

ನಮ್ಮ ಊರುಗಳಲ್ಲಿ ತರುಣರ ಮೊದಲ ಸಿಗರೇಟು ಬಹುಮಟ್ಟಿಗೆ ಗೆಳೆಯರ ಕೈಯಿಂದ ಬಂದದ್ದು. ಕಾಲೇಜಿನ ಅಥವಾ ಆಫೀಸಿನ ಹತ್ತಿರದ ಚಾ ಅಂಗಡಿಯ ಮುಂದೆ ಒಂದು ಲೋಟ ಚಾ, ಬಿಡಿಯಾಗಿ ಕೊಂಡ ಒಂದು ಸಿಗರೇಟು, ದಾರಕ್ಕೆ ಕಟ್ಟಿ ನೇತುಹಾಕಿದ ಲೈಟರು. ಒಬ್ಬ ಎರಡು ದಮ್ ಎಳೆದು ಇನ್ನೊಬ್ಬನಿಗೆ ದಾಟಿಸುತ್ತಾನೆ. ಆಮೇಲೆ ಬಾಯಿಗೊಂದು ಪುದೀನ ಪೆಪ್ಪರ್‌ಮಿಂಟು. ಪ್ಯಾಕ್ ಕೊಳ್ಳುವಷ್ಟು ಹಣವೂ ಬೇಕಿಲ್ಲ, ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರವೂ ಕಣ್ಣಿಗೆ ಬೀಳುವುದಿಲ್ಲ. ಗಂಡುಮಕ್ಕಳಿಗೆ ಇದು ಗುಂಪಿಗೆ ಸೇರುವ ದಾರಿ. ಬೇಡವೆಂದರೆ ಅಂಜುಬುರುಕ ಎನಿಸಿಕೊಳ್ಳುವ ಹಿಂಜರಿಕೆ.

ತರುಣಿಯರಿಗೆ ಅದೇ ಜಾಗದಲ್ಲಿ ಬೇರೆ ಲೆಕ್ಕಾಚಾರ ನಡೆಯುತ್ತದೆ. ಬೀದಿಯಲ್ಲಿ ನಿಂತು ಸೇದಿದರೆ ದಿಟ್ಟಿಸುವ ಕಣ್ಣುಗಳಿವೆ, ಫೋಟೊ ತೆಗೆಯುವ ಮೊಬೈಲುಗಳಿವೆ. ಹಾಗಾಗಿ ಅವರ ಸೇದುವಿಕೆ ಹಾಸ್ಟೆಲ್ ಕೋಣೆ, ಪಿಜಿಯ ಮಹಡಿ, ಗೆಳತಿಯ ಫ್ಲ್ಯಾಟಿನ ಬಾಲ್ಕನಿಗಳಿಗೆ ಸರಿಯುತ್ತದೆ. ಒತ್ತಡ, ಬೇಸರ, ಖಿನ್ನತೆಗಳಿಂದ ಬಿಡುಗಡೆಗಾಗಿ ಸೇದುತ್ತೇವೆಂದು ಹೇಳುವವರು ಹೆಂಗಸರಲ್ಲಿ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ತೂಕ ಹೆಚ್ಚಬಾರದೆಂಬ ಚಿಂತೆಯೂ ಅವರಲ್ಲೇ ಹೆಚ್ಚು. ಮುಚ್ಚಿಟ್ಟು ಸೇದುವವರಿಗೆ ಇನ್ನೊಂದು ನಷ್ಟವಿದೆ: ಬಿಡು ಎನ್ನುವವರೂ ಇಲ್ಲ, ಬಿಡುತ್ತಿದ್ದೇನೆ ಎಂದು ಹೇಳಿಕೊಂಡು ಬೆನ್ನು ತಟ್ಟಿಸಿಕೊಳ್ಳುವ ಅವಕಾಶವೂ ಇಲ್ಲ.

ಇಬ್ಬರಿಗೂ ಸಮಾನವಾದ ಒಂದು ಲಕ್ಷಣವುಂಟು. ಈ ವಯಸ್ಸಿನವರಲ್ಲಿ ಅನೇಕರು ದಿನವೂ ಸೇದುವುದಿಲ್ಲ. ಪಾರ್ಟಿ, ಪರೀಕ್ಷೆ, ವಾರಾಂತ್ಯಗಳಿಗೆ ಸೀಮಿತವಾಗಿ ಸೇದುತ್ತಾರೆ. ಇಂಥವರು ತಮ್ಮನ್ನು ಧೂಮಪಾನಿಗಳೆಂದು ಎಣಿಸುವುದೇ ಇಲ್ಲ. ಬೇಕೆಂದಾಗ ಬಿಡಬಲ್ಲೆ ಎಂಬ ನಂಬಿಕೆ ಗಟ್ಟಿಯಾಗಿರುತ್ತದೆ. ಬಿಡುವ ಕಾರ್ಯಕ್ರಮಗಳ ಪ್ರಚಾರ ಇವರ ಕಿವಿಗೆ ಬಿದ್ದರೂ ಅದು ತಮಗಲ್ಲ ಎಂದುಕೊಳ್ಳುತ್ತಾರೆ.

ನಿಕೋಟಿನ್, ದೇಹ, ಮಿದುಳು

ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಮುಟ್ಟಿ ಡೋಪಮಿನ್ ಬಿಡುಗಡೆ ಮಾಡಿಸುತ್ತದೆ. ಅದನ್ನು ಒಡೆದು ಹೊರಹಾಕುವ ಕೆಲಸ ಮುಖ್ಯವಾಗಿ ಯಕೃತ್ತಿನ ಸಿವೈಪಿ2ಎ6 ಎಂಬ ಕಿಣ್ವದ್ದು. ಸರಾಸರಿಯಾಗಿ ಹೆಂಗಸರಲ್ಲಿ ಈ ಕೆಲಸ ಗಂಡಸರಿಗಿಂತ ಬೇಗ ಆಗುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಇನ್ನೂ ಬೇಗ, ಬಸಿರಿನಲ್ಲಿ ಮತ್ತೂ ಬೇಗ. ಈಸ್ಟ್ರೊಜೆನ್ ಹಾರ್ಮೋನು ಕಿಣ್ವವನ್ನು ಚುರುಕುಗೊಳಿಸುವುದು ಇದಕ್ಕೆ ಕಾರಣ. ನಿಕೋಟಿನ್ ಬೇಗ ಖಾಲಿಯಾದರೆ ಮುಂದಿನ ಸಿಗರೇಟಿನ ಚಡಪಡಿಕೆಯೂ ಬೇಗ ಏಳುತ್ತದೆ.

ನಿಕೋಟಿನ್ ಒಂದನ್ನೇ ನೋಡಿದರೆ ಸಾಲದು. ಗಂಡಸರು ನಿಕೋಟಿನ್ ಪ್ರಮಾಣದ ಏರುಪೇರಿಗೆ ಹೆಚ್ಚು ಸ್ಪಂದಿಸಿದರೆ, ಹೆಂಗಸರು ಹೊಗೆಯ ವಾಸನೆ, ರುಚಿ, ಕೈಯಲ್ಲಿ ಹಿಡಿಯುವ ಅಭ್ಯಾಸ, ಜೊತೆಗಾರರ ಇರವು ಮೊದಲಾದ ಸುಳಿವುಗಳಿಗೆ ಹೆಚ್ಚು ಸ್ಪಂದಿಸುತ್ತಾರೆಂದು ಮನಶ್ಶಾಸ್ತ್ರಜ್ಞ ಕೆನೆತ್ ಪರ್ಕಿನ್ಸ್ ಮತ್ತಿತರರ ಪ್ರಯೋಗಗಳು ತೋರಿಸಿವೆ. 2014ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಸೇದುತ್ತಿರುವಾಗಲೇ ಮಿದುಳಿನ ಸ್ಕ್ಯಾನ್ ಮಾಡಿ, ಡೋಪಮಿನ್ ಚಿಮ್ಮುವ ಜಾಗ ಮತ್ತು ವೇಗ ಎರಡೂ ಗಂಡು ಹೆಣ್ಣಿನಲ್ಲಿ ಬೇರೆಯೆಂದು ವರದಿ ಮಾಡಿತು. ಅದರಲ್ಲಿ ಭಾಗವಹಿಸಿದವರು 16 ಮಂದಿ ಮಾತ್ರ ಆದ್ದರಿಂದ ಅದನ್ನು ಕೊನೆಯ ಮಾತೆಂದು ಎಣಿಸಲಾಗದು. ಇವೆಲ್ಲವೂ ಸರಾಸರಿಯ ಮಾತುಗಳು. ಒಬ್ಬ ತರುಣನಿಗೂ ಇನ್ನೊಬ್ಬ ತರುಣನಿಗೂ ಇರುವ ವ್ಯತ್ಯಾಸ ಇವುಗಳಿಗಿಂತ ದೊಡ್ಡದಿರಬಹುದು.

ಆರೋಗ್ಯದ ಹಾನಿ

2011ರಲ್ಲಿ ಪ್ರಕಟವಾದ ಹಕ್ಸ್‌ಲಿ ಮತ್ತು ವುಡ್‌ವರ್ಡ್ ಅವರ ವಿಶ್ಲೇಷಣೆಯಂತೆ, ಸೇದುವುದರಿಂದ ಹೃದಯದ ರಕ್ತನಾಳಗಳ ಕಾಯಿಲೆ ಬರುವ ಅಪಾಯ ಗಂಡಸರಿಗಿಂತ ಹೆಂಗಸರಲ್ಲಿ ಶೇ 25ರಷ್ಟು ಹೆಚ್ಚು. ಗರ್ಭನಿರೋಧಕ ಮಾತ್ರೆಯೂ ಸಿಗರೇಟೂ ಸೇರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಬಸಿರಿನಲ್ಲಿ ಸೇದಿದರೆ ಮಗು ಕಡಿಮೆ ತೂಕದಲ್ಲಿ, ದಿನ ತುಂಬುವ ಮೊದಲೇ ಹುಟ್ಟಬಹುದು. ಗಂಡಸರಲ್ಲಿ ವೀರ್ಯದ ಗುಣಮಟ್ಟ ಕುಗ್ಗುತ್ತದೆ, ನಿಮಿರುವಿಕೆಯ ತೊಂದರೆ ಬರುತ್ತದೆ.

ಪ್ರಭಾತ್ ಝಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಬೀಡಿ ಸೇದುವ ಹೆಂಗಸರು ಸುಮಾರು 8 ವರ್ಷ, ಸಿಗರೇಟು ಸೇದುವ ಗಂಡಸರು ಸುಮಾರು 10 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ 1951ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಆರಂಭಿಸಿದ ಗಂಡು ವೈದ್ಯರ ಅಧ್ಯಯನವನ್ನು ಐವತ್ತು ವರ್ಷ ನಡೆಸಿದಾಗ, ಮೂವತ್ತರಲ್ಲಿ ಬಿಟ್ಟವರು ಕಳೆದುಕೊಳ್ಳಲಿದ್ದ ಸುಮಾರು ಹತ್ತು ವರ್ಷವನ್ನೂ ಉಳಿಸಿಕೊಂಡದ್ದು ಕಂಡಿತು. ಅದೇ ದೇಶದ ಹತ್ತು ಲಕ್ಷ ಮಹಿಳೆಯರ ಅಧ್ಯಯನದ 2013ರ ವರದಿಯೂ ಇದೇ ಮಾತು ಹೇಳಿತು: ಮೂವತ್ತಕ್ಕೆ ಮೊದಲು ಬಿಟ್ಟ ಹೆಂಗಸರು ಸಿಗರೇಟಿನಿಂದ ಬರುವ ಹೆಚ್ಚುವರಿ ಸಾವಿನ ಅಪಾಯದಲ್ಲಿ ಶೇ 97ರಷ್ಟನ್ನು ತಪ್ಪಿಸಿಕೊಳ್ಳುತ್ತಾರೆ. ಸೇದುವುದರ ಹಾನಿಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸವಿದ್ದರೂ, ಯೌವನದಲ್ಲಿ ಬಿಡುವುದರ ಲಾಭ ಇಬ್ಬರಿಗೂ ಒಂದೇ ಅಳತೆಯದು.

ಬಿಡುವುದು ಮತ್ತು ಮರುಕಳಿಸುವುದು

ಹೆಂಗಸರಿಗೆ ಬಿಡುವುದು ಕಷ್ಟ ಎಂಬ ತೀರ್ಮಾನ ಹುಟ್ಟಿದ್ದು ಹೆಚ್ಚಾಗಿ ಚಿಕಿತ್ಸಾ ಪ್ರಯೋಗಗಳಿಂದ. ನಿಕೋಟಿನ್ ಪ್ಯಾಚ್ ಮೊದಲಾದವುಗಳ ಪ್ರಯೋಗಗಳಲ್ಲಿ ಹೆಂಗಸರ ಯಶಸ್ಸು ಗಂಡಸರದ್ದಕ್ಕಿಂತ ಕಡಿಮೆ ಕಂಡಿತು. ಆದರೆ ಇಂಥ ಪ್ರಯೋಗಗಳಿಗೆ ಬರುವವರು ಸಾಮಾನ್ಯವಾಗಿ ನಡುವಯಸ್ಸಿನ, ಹಲವು ಸಲ ಸೋತ, ಹೆಚ್ಚು ಚಟವಿರುವ ಜನ. ಮಾರ್ಟಿನ್ ಜಾರ್ವಿಸ್ ಮತ್ತು ಸಂಗಡಿಗರು ಅಮೆರಿಕ, ಕೆನಡಾ, ಬ್ರಿಟನ್ನುಗಳ ಜನಸಾಮಾನ್ಯರ ಸಮೀಕ್ಷೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಲೇಖನ ಬೇರೆಯದನ್ನೇ ಹೇಳಿತು. ಐವತ್ತರ ಕೆಳಗಿನವರಲ್ಲಿ ತಂಬಾಕನ್ನು ಪೂರ್ತಿ ಬಿಟ್ಟವರು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಐವತ್ತು ದಾಟಿದವರಲ್ಲಿ ಮಾತ್ರ ಗಂಡಸರು ಮುಂದು. ತರುಣಿಯರಿಗೆ ಬಿಡುವ ಶಕ್ತಿ ಕಡಿಮೆ ಎಂಬ ನಂಬಿಕೆಗೆ ಇಲ್ಲಿ ಸ್ಪಷ್ಟವಾದ ಉತ್ತರವಿದೆ.

ಎಡವುವ ಜಾಗಗಳು ಮಾತ್ರ ಬೇರೆ ಬೇರೆ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೊ ತೂಕ ಏರುತ್ತದೆ. ತರುಣಿಯರು ಬಿಡಲು ಹಿಂಜರಿಯುವುದಕ್ಕೂ ಬಿಟ್ಟು ಮತ್ತೆ ಹಿಡಿಯುವುದಕ್ಕೂ ಈ ಭಯ ಮುಖ್ಯ ಕಾರಣಗಳಲ್ಲೊಂದು. ಮುಟ್ಟಿನ ಮುಂಚಿನ ದಿನಗಳ ಕಿರಿಕಿರಿ, ಬಿಟ್ಟದ್ದರಿಂದ ಬರುವ ಕಿರಿಕಿರಿ ಒಟ್ಟಿಗೆ ಸೇರಿದಾಗ ತಡೆದುಕೊಳ್ಳುವುದು ಕಷ್ಟವಾಗುತ್ತದೆ. ಚಕ್ರದ ಯಾವ ಹಂತದಲ್ಲಿ ಬಿಟ್ಟರೆ ಒಳ್ಳೆಯದೆಂಬ ಬಗ್ಗೆ ಸಂಶೋಧನೆಗಳು ಒಮ್ಮತಕ್ಕೆ ಬಂದಿಲ್ಲ. ಬಸಿರಾದಾಗ ಬಹಳ ಮಂದಿ ಬಿಡುತ್ತಾರೆ, ಆದರೆ ಹೆರಿಗೆಯ ನಂತರದ ಒಂದು ವರ್ಷದಲ್ಲಿ ಅವರಲ್ಲಿ ಅನೇಕರು ಮತ್ತೆ ಶುರುಮಾಡುತ್ತಾರೆ. ಮಗುವಿಗಾಗಿ ಬಿಟ್ಟವಳನ್ನು ಆಮೇಲೆ ಅವಳಿಗಾಗಿ ವಿಚಾರಿಸುವವರು ಇಲ್ಲದಿರುವುದೂ ಇದಕ್ಕೊಂದು ಕಾರಣ.

ತರುಣರು ಎಡವುವುದು ಹೆಚ್ಚಾಗಿ ಜೊತೆಗಾರರ ನಡುವೆ, ಅದರಲ್ಲೂ ಕುಡಿತದ ಜೊತೆ. ಸೇದುವುದನ್ನು ಬಿಟ್ಟು ಗುಟ್ಕಾ, ಖೈನಿಗೆ ಹೊರಳುವ ಅಪಾಯವೂ ನಮ್ಮ ದೇಶದ ಗಂಡಸರಲ್ಲಿ ಹೆಚ್ಚು. ಅದು ಚಟವನ್ನು ಬಿಟ್ಟಂತಲ್ಲ, ಶ್ವಾಸಕೋಶದಿಂದ ಬಾಯಿಗೆ ಸ್ಥಳಾಂತರಿಸಿದಂತೆ. ನೆರವು ಕೇಳುವುದು ಗಂಡಸುತನಕ್ಕೆ ಕುಂದೆಂಬ ಭಾವನೆ ಅವರನ್ನು ಕೌನ್ಸೆಲರ್‌ಗಳಿಂದ ದೂರವಿಡುತ್ತದೆ. ಒಟ್ಟಾರೆ ಯುವಜನರು ಹಿರಿಯರಿಗಿಂತ ಹೆಚ್ಚು ಸಲ ಬಿಡಲು ಯತ್ನಿಸುತ್ತಾರೆ, ಆದರೆ ಹೆಚ್ಚಿನವರು ಯಾವ ನೆರವೂ ಇಲ್ಲದೆ ಒಮ್ಮೆಲೇ ನಿಲ್ಲಿಸಲು ಹೊರಡುತ್ತಾರೆ. ಚಡಪಡಿಕೆ, ಸಿಡುಕು, ನಿದ್ದೆಗೇಡು ಮೊದಲ ವಾರದಲ್ಲಿ ತೀವ್ರವಾಗಿದ್ದು ಮೂರ್ನಾಲ್ಕು ವಾರಗಳಲ್ಲಿ ಇಳಿಯುತ್ತವೆ ಎಂಬ ಸರಳ ತಿಳಿವಳಿಕೆ ಇಲ್ಲದೆಯೇ ಅನೇಕರು ಐದಾರನೆಯ ದಿನ ಸೋಲೊಪ್ಪಿಕೊಳ್ಳುತ್ತಾರೆ.

ನೆರವಿನ ದಾರಿಗಳು

ಔಷಧಗಳಲ್ಲಿ ನಿಕೋಟಿನ್ ಗಮ್, ಪ್ಯಾಚ್, ಬುಪ್ರೊಪಿಯಾನ್ ಮತ್ತು ವರೆನಿಕ್ಲಿನ್ ಪ್ರಮುಖವಾದವು. ಪ್ಯಾಚಿಗೆ ಹೋಲಿಸಿದರೆ ವರೆನಿಕ್ಲಿನ್‌ನ ಹೆಚ್ಚುವರಿ ಲಾಭ ಗಂಡಸರಿಗಿಂತ ಹೆಂಗಸರಲ್ಲಿ ಎದ್ದು ಕಾಣುತ್ತದೆಂದು ವಿಶ್ಲೇಷಣೆಗಳು ಹೇಳಿವೆ. ಯಾರಿಗೆ ಯಾವುದು ಸೂಕ್ತವೆಂಬುದನ್ನು, ವಿಶೇಷವಾಗಿ ಬಸಿರಿನಲ್ಲಿ, ವೈದ್ಯರೇ ನಿರ್ಧರಿಸಬೇಕು. ಔಷಧದ ಜೊತೆ ಸಮಾಲೋಚನೆ ಸೇರಿದರೆ ಫಲ ಹೆಚ್ಚು. ತೂಕದ ಚಿಂತೆ, ಖಿನ್ನತೆಗಳನ್ನು ಸಮಾಲೋಚನೆಯಲ್ಲೇ ಎತ್ತಿಕೊಂಡರೆ ತರುಣಿಯರಿಗೆ ಅನುಕೂಲ.

ಯುವಜನರಿಗೆ ಮೊಬೈಲು ಒಳ್ಳೆಯ ಸಾಧನ. ಬ್ರಿಟನ್ನಿನಲ್ಲಿ 5,800 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪ್ರೋತ್ಸಾಹದ ಸಂದೇಶಗಳನ್ನು ಪಡೆದವರಲ್ಲಿ ಶೇ 10.7 ಮಂದಿ ಆರು ತಿಂಗಳು ಸೇದದೆ ಉಳಿದರು. ಪಡೆಯದವರಲ್ಲಿ ಶೇ 4.9. ಭಾರತದಲ್ಲೂ 2016ರಲ್ಲಿ ಎಸ್‌ಎಂಎಸ್ ಮೂಲಕ ನೆರವಾಗುವ ಯೋಜನೆ ಆರಂಭವಾಯಿತು. ಅದೇ ವರ್ಷ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ 1800-11-2356 ತೆರೆಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಾದೇಶಿಕ ಕೇಂದ್ರಗಳಲ್ಲೊಂದಾಯಿತು. ಸಲಹೆಗಾರರು ಬಿಡುವ ದಿನವನ್ನು ಗೊತ್ತುಮಾಡಿಸಿ, ಆಮೇಲೆ ತಾವಾಗಿ ಕರೆಮಾಡಿ ವಿಚಾರಿಸುತ್ತಾರೆ. ಮುಖ ತೋರಿಸಬೇಕಾದ ಅಗತ್ಯವಿಲ್ಲದ ಇಂಥ ಸೇವೆ, ಮುಚ್ಚಿಟ್ಟು ಸೇದುವ ಹೆಣ್ಣುಮಕ್ಕಳಿಗೆ ಬಹಳ ಉಪಯುಕ್ತ. 2002ರಲ್ಲಿ ದೇಶದಲ್ಲಿ ಆರಂಭವಾದ 13 ತಂಬಾಕು ಬಿಡಿಸುವ ಕೇಂದ್ರಗಳಿಗೆ ಮೊದಲ ವರ್ಷಗಳಲ್ಲಿ ಬಂದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಗಂಡಸರೇ ಆಗಿದ್ದರೆಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ.

ಕಾನೂನು

2003ರ ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ಕಾಯ್ದೆ (ಕೋಟ್ಪಾ) ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನೂ, ಜಾಹೀರಾತನ್ನೂ, 18ರೊಳಗಿನವರಿಗೆ ಮಾರುವುದನ್ನೂ, ಶಿಕ್ಷಣಸಂಸ್ಥೆಗಳಿಂದ 100 ಗಜದೊಳಗೆ ಮಾರುವುದನ್ನೂ ನಿಷೇಧಿಸಿತು. 2016ರಿಂದ ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. 2018ರಿಂದ ಸಹಾಯವಾಣಿಯ ಸಂಖ್ಯೆಯೂ ಸೇರಿತು. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೂ ಕೇಂದ್ರ ಸರ್ಕಾರ 2019ರಲ್ಲೂ ನಿಷೇಧಿಸಿದವು. ಕರ್ನಾಟಕ ತನ್ನ 2024ರ ತಿದ್ದುಪಡಿಯ ಮೂಲಕ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸುವ ದಾರಿ ಹಿಡಿಯಿತು. ಕಾಲೇಜಿಗೆ ಕಾಲಿಡುವ ವಯಸ್ಸನ್ನೇ ಗುರಿಯಾಗಿಸಿಕೊಂಡ ಈ ಕ್ರಮ ಯುವಕ ಯುವತಿಯರಿಬ್ಬರ ಮೊದಲ ಸಿಗರೇಟನ್ನೂ ದೂರ ತಳ್ಳಬಲ್ಲದು, ಅಂಗಡಿಯ ಮಟ್ಟದಲ್ಲಿ ಜಾರಿಯಾದರೆ.

ಆಗಬೇಕಾದ ಕೆಲಸ

ಸಂಶೋಧನೆಗಳ ಸಾರ ಇಷ್ಟು. ಬಿಡಬಲ್ಲ ಸಾಮರ್ಥ್ಯದಲ್ಲಿ ತರುಣ ತರುಣಿಯರ ನಡುವೆ ಭೇದವೆಣಿಸಲು ಕಾರಣವಿಲ್ಲ. ಅವರನ್ನು ಚಟಕ್ಕೆ ಎಳೆಯುವ, ಮತ್ತೆ ಬೀಳಿಸುವ ಸಂದರ್ಭಗಳಲ್ಲಿ ಭೇದವಿದೆ. ಆದ್ದರಿಂದ ನೆರವಿನ ರೂಪವೂ ಬೇರೆಯಾಗಬೇಕು. ಜ್ವರಕ್ಕೋ ಮುಟ್ಟಿನ ತೊಂದರೆಗೋ ಬಂದ ತರುಣಿಯನ್ನು ತಂಬಾಕಿನ ಬಗ್ಗೆ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಕೀಳಾಗಿ ಕಾಣದೆ ವಿಚಾರಿಸುವುದು ಪ್ರತಿಯೊಬ್ಬ ವೈದ್ಯರ ಅಭ್ಯಾಸವಾಗಬೇಕು. ಹೆರಿಗೆಯ ನಂತರದ ಭೇಟಿಗಳಲ್ಲಿ ಈ ಪ್ರಶ್ನೆ ಮತ್ತೆ ಬರಬೇಕು. ವಾರಾಂತ್ಯದಲ್ಲಷ್ಟೇ ಸೇದುವ ತರುಣನಿಗೆ ಅವನೂ ಧೂಮಪಾನಿಯೇ ಎಂಬುದನ್ನು ನೇರವಾಗಿ ಹೇಳಬೇಕು. ಹೆಣ್ಣು ಸೇದಿದರೆ ನಡತೆಯ ಪ್ರಶ್ನೆ, ಗಂಡು ಸೇದಿದರೆ ವಯಸ್ಸಿನ ಸಹಜ ಗುಣ ಎಂದು ನೋಡುವ ಕಣ್ಣು ಇಬ್ಬರಿಗೂ ಕೇಡು ಮಾಡುತ್ತದೆ: ಅವಳು ನೆರವು ಕೇಳಲು ಅಂಜುತ್ತಾಳೆ, ಅವನಿಗೆ ನೆರವು ಬೇಕೆಂದೇ ಅನಿಸುವುದಿಲ್ಲ. ತಂಬಾಕನ್ನು ಆರೋಗ್ಯದ ಪ್ರಶ್ನೆಯಾಗಿ ಮಾತ್ರ ನೋಡುವ ಮನೆ, ಕಾಲೇಜು, ಆಸ್ಪತ್ರೆಗಳಿದ್ದರೆ ಮೂವತ್ತು ತುಂಬುವ ಮೊದಲೇ ಬಿಡುವವರ ಸಂಖ್ಯೆ ಹೆಚ್ಚುತ್ತದೆ, ಮತ್ತು ಹಾಗೆ ಬಿಟ್ಟವರಿಗೆ ಕಳೆದುಕೊಳ್ಳಲಿದ್ದ ಆಯುಸ್ಸು ಬಹುಪಾಲು ಉಳಿಯುತ್ತದೆ.